ಶಂಖ ಆಲೂ: ಹಸಿ ತಿನ್ನುವ ಗೆಡ್ಡೆ, ಬೇಯಿಸುವ ಗೆಡ್ಡೆ ಎರಡೂ ಒಂದೇನಾ?

ಪ್ರಶ್ನೆ: ಕೋಲ್ಕತ್ತಾದಲ್ಲಿ ಮಗಳ ಮನೆಗೆ ಹೋಗಿದ್ದಾಗ ಸರಸ್ವತಿ ಪೂಜೆಯ ಪ್ರಸಾದದಲ್ಲಿ ಶಂಖ ಆಲೂ ಕೊಟ್ಟರು. ನೀರುನೀರಾಗಿ, ಸಿಹಿಯಾಗಿ ಚೆನ್ನಾಗಿತ್ತು. ಆಮೇಲೆ ಬೆಂಗಳೂರಿನ ಅಂಗಡಿಯೊಂದರಲ್ಲಿ ಹಿಕಾಮಾ ಅಂತ ಅದನ್ನೇ ಇಟ್ಟಿದ್ದರು. ಆದರೆ ಅದರ ಆಕಾರ ಬೇರೆ, ದೊಡ್ಡದು, ಒಳಗೆ ನಾರು ಜಾಸ್ತಿ. ದಕ್ಷಿಣ ಅಮೆರಿಕದಲ್ಲಿ ಇದನ್ನೇ ಮರಗೆಣಸಿನ ಹಾಗೆ ಬೇಯಿಸಿ ಹೊಟ್ಟೆ ತುಂಬ ತಿನ್ನುತ್ತಾರೆ ಅಂತ ಎಲ್ಲೋ ಓದಿದೆ. ಇವೆಲ್ಲ ಒಂದೇ ಗಿಡವಾ? ವ್ಯತ್ಯಾಸ ತಳಿಯದ್ದಾ, ಮಣ್ಣಿನದ್ದಾ? ನನ್ನ ಹೊಲ ಧಾರವಾಡದ ಹತ್ತಿರ ಇದೆ. ಅಲ್ಲಿ ಬೆಳೆದು, ಬೀಜ ಹಿಡಿದು, ಒಳ್ಳೆಯ ತಳಿ ಆರಿಸಿಕೊಳ್ಳಬಹುದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವು ಕೋಲ್ಕತ್ತಾದಲ್ಲಿ ತಿಂದದ್ದು, ಬೆಂಗಳೂರಿನಲ್ಲಿ ನೋಡಿದ್ದು ಎರಡೂ ಒಂದೇ ಪ್ರಭೇದ, ಪ್ಯಾಕಿರೈಜಸ್ ಇರೋಸಸ್. ಬೇಯಿಸಿ ಊಟವಾಗಿ ತಿನ್ನುವುದು ಅದರ ದಾಯಾದಿ, ಪ್ಯಾಕಿರೈಜಸ್ ಟ್ಯೂಬರೋಸಸ್. ಅದರಲ್ಲೂ ಎಲ್ಲ ತಳಿಗಳನ್ನಲ್ಲ, ಒಂದು ಗುಂಪನ್ನು ಮಾತ್ರ ಹಾಗೆ ತಿನ್ನುತ್ತಾರೆ. ನಿಮಗೆ ಕಂಡ ಆಕಾರ, ಗಾತ್ರ, ನಾರಿನ ವ್ಯತ್ಯಾಸ ಬಹುಪಾಲು ಮಣ್ಣು, ಸಾಲಿನ ಅಂತರ ಮತ್ತು ಕಿತ್ತ ಸಮಯದಿಂದ ಬಂದದ್ದಿರಬಹುದು. ನೀರುಗೆಡ್ಡೆಗೂ ಹಿಟ್ಟುಗೆಡ್ಡೆಗೂ ಇರುವ ವ್ಯತ್ಯಾಸ ಹಾಗಲ್ಲ. ಅದು ರಕ್ತದಲ್ಲೇ ಇರುವಂಥದ್ದು. ಎಷ್ಟು ಗೊಬ್ಬರ ಹಾಕಿದರೂ ಒಂದು ಇನ್ನೊಂದಾಗುವುದಿಲ್ಲ.

ಇದು ಆಲೂಗಡ್ಡೆಯ ನಂಟನಲ್ಲ, ಅವರೆ, ಹುರುಳಿಗಳ ಕುಟುಂಬದ ಬಳ್ಳಿ. ಮೂರೆಲೆ, ನೀಲಿ ಅಥವಾ ಬಿಳಿ ಹೂ, ಚಪ್ಪಟೆ ಕಾಯಿ. ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುತ್ತದೆ. ಬಳ್ಳಿಯನ್ನು ಹೊಲದಲ್ಲೇ ಬಿಟ್ಟರೆ ಮುಂದಿನ ಬೆಳೆಗೆ ಅದೇ ಗೊಬ್ಬರ. ಗೆಡ್ಡೆ ಅನ್ನುವುದು ಇಲ್ಲಿ ಉಬ್ಬಿದ ಬೇರು. ಆಲೂಗಡ್ಡೆಯ ಹಾಗೆ ಕಾಂಡ ಅಲ್ಲ, ಮೈಮೇಲೆ ಕಣ್ಣುಗಳಿಲ್ಲ. ಆದ್ದರಿಂದ ತುಂಡು ಮಾಡಿ ನೆಟ್ಟರೆ ಕೊಳೆಯುತ್ತದೆ ಅಷ್ಟೆ. ಬೆಳೆ ಬರುವುದು ಬೀಜದಿಂದ. ಈ ಮಾತು ನೆನಪಿಡಿ, ತಳಿ ಆಯ್ಕೆಯ ಕಷ್ಟವೆಲ್ಲ ಇಲ್ಲಿಂದಲೇ ಶುರು.

ಈ ಕುಲದಲ್ಲಿ ಐದು ಪ್ರಭೇದಗಳಿವೆ. ಜನ ಕೃಷಿಗೆ ತಂದದ್ದು ಮೂರನ್ನು. ಮೂರೂ ಅಮೆರಿಕ ಖಂಡಗಳವು. ಇರೋಸಸ್ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ್ದು. ಅಹಿಪಾ ಬೊಲಿವಿಯಾ ಮತ್ತು ಉತ್ತರ ಅರ್ಜೆಂಟೀನಾದ ಬೆಟ್ಟ ಕಣಿವೆಗಳದ್ದು. ಟ್ಯೂಬರೋಸಸ್ ಅಮೆಜಾನ್ ನದಿಯ ಸುತ್ತಿನ ಬಿಸಿ ನಾಡಿನದ್ದು. ಇವುಗಳ ನಡುವೆ ಅಡ್ಡತಳಿ ಮಾಡಿದರೆ ಫಲವಂತ ಗಿಡಗಳೇ ಹುಟ್ಟುತ್ತವೆ. ಅಂದರೆ ಗೋಡೆ ಅಷ್ಟೇನೂ ದಪ್ಪ ಇಲ್ಲ. ಆದರೂ ಸಾವಿರಾರು ವರ್ಷ ಬೇರೆ ಬೇರೆ ಜನ ಬೇರೆ ಬೇರೆ ಆಸೆ ಇಟ್ಟುಕೊಂಡು ಆರಿಸಿದ್ದರಿಂದ ಗೆಡ್ಡೆಗಳು ದೂರ ದೂರ ಹೋಗಿವೆ.

ಮೆಕ್ಸಿಕೊದಿಂದ ಶುರು ಮಾಡೋಣ. ಅಲ್ಲಿ ಇರೋಸಸ್‌ನಲ್ಲೇ ಎರಡು ಬಗೆ ಅಂತ ರೈತರು ಹೇಳುತ್ತಾರೆ, ನೀರಿನ ಹಿಕಾಮಾ ಮತ್ತು ಹಾಲಿನ ಹಿಕಾಮಾ. ನೀರಿನದು ಮೇಲೆ ಕೆಳಗೆ ಅದುಮಿದ ಹಾಗೆ ಚಪ್ಪಟೆ. ಕೊಯ್ದರೆ ಬರುವ ರಸ ತಿಳಿ, ರುಚಿ ಸಿಹಿ. ಹಾಲಿನದು ಉದ್ದ, ಕೆಳಗೆ ಚೂಪು. ರಸ ಬೆಳ್ಳಗೆ, ಗೆಡ್ಡೆ ಸ್ವಲ್ಪ ಒಣ. ನಯಾರೀತ್, ಗ್ವಾನಹ್ವಾತೊದಂಥ ರಾಜ್ಯಗಳಲ್ಲಿ ಇದು ಮಾರುಕಟ್ಟೆ ಬೆಳೆ. ಸಂತೆಯಲ್ಲಿ ಗೆಲ್ಲುವುದು ನೀರಿನದೇ. ಯಾಕೆಂದರೆ ಅದನ್ನು ಹೋಳು ಮಾಡಿ, ಉಪ್ಪು, ಖಾರದ ಪುಡಿ, ನಿಂಬೆರಸ ಹಾಕಿ ಬೀದಿಯಲ್ಲೇ ತಿನ್ನುತ್ತಾರೆ. ನಮ್ಮಲ್ಲಿ ಸೌತೆಕಾಯಿ, ಮಾವಿನಕಾಯಿ ಮಾರುವ ಹಾಗೆಯೇ ಅಲ್ವಾ! ಡಿಸೆಂಬರಿನ ಹಬ್ಬದಲ್ಲಿ ಮಕ್ಕಳು ಕೋಲಿನಿಂದ ಹೊಡೆದು ಒಡೆಯುವ ಪಿನ್ಯಾಟಾ ಗಡಿಗೆಯೊಳಗೆ ಕಡಲೆಕಾಯಿ, ಕಬ್ಬಿನ ತುಂಡಿನ ಜೊತೆ ಪುಟ್ಟ ಹಿಕಾಮಾಗಳನ್ನೂ ತುಂಬುತ್ತಾರೆ. ಅಂದರೆ ಅಲ್ಲಿ ಇದು ಹಣ್ಣಿನ ಜಾಗದಲ್ಲಿರುವ ಗೆಡ್ಡೆ. 100 ಗ್ರಾಂನಲ್ಲಿ 90 ಗ್ರಾಂ ನೀರು, 40ಕ್ಕಿಂತ ಕಡಿಮೆ ಕ್ಯಾಲೊರಿ. ಬಾಯಾರಿಕೆಗೆ ಸರಿ, ಹಸಿವಿಗೆ ಸಾಲದು.

ಬೊಲಿವಿಯಾದ ಅಹಿಪಾ ಇನ್ನೊಂದು ದಾರಿ ಹಿಡಿದಿದೆ. ಸುಮಾರು 1500ರಿಂದ 3000 ಮೀಟರ್ ಎತ್ತರದ ಕಣಿವೆಗಳಲ್ಲಿ ಬೆಳೆಯುತ್ತದೆ. ಅಲ್ಲಿನ ತಳಿಗಳಲ್ಲಿ ಬಹಳಷ್ಟು ಬಳ್ಳಿಯಲ್ಲ, ಮೊಣಕಾಲೆತ್ತರದ ಪೊದೆ. ಕೋಲು ನೆಡುವ ಕೆಲಸವಿಲ್ಲ. ಹಗಲು ಉದ್ದವೋ ಗಿಡ್ಡವೋ ಅದಕ್ಕೆ ಲೆಕ್ಕವಿಲ್ಲ. ಇರೋಸಸ್ ಹಾಗಲ್ಲ, ಹಗಲು ಗಿಡ್ಡವಾದ ಮೇಲೆಯೇ ಅದಕ್ಕೆ ಗೆಡ್ಡೆ ಕಟ್ಟುವ ಉಮೇದು. ಅಹಿಪಾ ಗೆಡ್ಡೆ ಸಣ್ಣದು, ಉದ್ದನೆಯದು, ಒಮ್ಮೊಮ್ಮೆ ಕವಲೊಡೆದದ್ದು. ಲಾ ಪಾಸ್ ನಗರದಲ್ಲಿ ಕಾರ್ಪಸ್ ಕ್ರಿಸ್ತಿ ಹಬ್ಬ ಬಂದರೆ ಕಡಲೆಕಾಯಿ, ಕಬ್ಬಿನ ಪಕ್ಕ ಇದೂ ರಾಶಿ ಬೀಳುತ್ತದೆ. ಕಾಡಿನಲ್ಲಿ ಇದು ಸಿಕ್ಕಿದ್ದಿಲ್ಲ. ರೈತ ಕೈಬಿಟ್ಟರೆ ಮುಗಿಯಿತು. ಪೆರುವಿನ ಕರಾವಳಿಯ ಕಥೆ ನೋಡಿದರೆ ಇದು ಬರೀ ಹೆದರಿಕೆ ಅನಿಸುವುದಿಲ್ಲ. ಅಲ್ಲಿನ ಹಳೆಯ ನಾಸ್ಕಾ ಮಡಕೆಗಳ ಮೇಲೆ, ಪರಾಕಾಸ್ ಬಟ್ಟೆಗಳ ಮೇಲೆ ಈ ಜಾತಿಯ ಗೆಡ್ಡೆಯ ಚಿತ್ರಗಳನ್ನು ವಿದ್ವಾಂಸರು ಗುರುತಿಸಿದ್ದಾರೆ. ಚಿತ್ರ ಬರೆದ ಆ ನಾಡಿನ ಹೊಲಗಳಲ್ಲಿ ಮಾತ್ರ ಬೆಳೆ ಉಳಿಯಲಿಲ್ಲ.

ಈಗ ನಿಮ್ಮ ಪ್ರಶ್ನೆಯ ಮುಖ್ಯ ಭಾಗಕ್ಕೆ ಬರೋಣ. ಟ್ಯೂಬರೋಸಸ್‌ನಲ್ಲಿ ಮೂರು ಗುಂಪುಗಳಿವೆ. ಮೂರೂ ಒಂದೇ ಪ್ರಭೇದ ಅಂದರೆ ನಂಬುವುದು ಕಷ್ಟ. ಈಕ್ವೆಡಾರ್ ಕರಾವಳಿಯ ಮನಬಿ ಪ್ರಾಂತ್ಯದಲ್ಲಿ ಹೀಕಿಮಾ ಅನ್ನುವ ಗುಂಪಿದೆ. ಗಿಡಕ್ಕೊಂದು ದೊಡ್ಡ ಗೆಡ್ಡೆ, ಹಸಿಯಾಗಿಯೇ ತಿನ್ನುತ್ತಾರೆ. ಅಮೆಜಾನ್‌ನ ಉದ್ದಗಲಕ್ಕೂ ಆಶಿಪಾ ಇದೆ. ಒಂದು ಗಿಡಕ್ಕೆ ಹಲವು ಗೆಡ್ಡೆ, ರಸಭರಿತ, ಇದೂ ಹಸಿ ತಿನ್ನುವಂಥದ್ದೇ. ಮೂರನೆಯದು ಚುಯಿನ್.

ಚುಯಿನ್ ಬೆಳೆಯುವುದು ಪೆರುವಿನಲ್ಲಿ, ಉಕಯಾಲಿ ಮತ್ತು ಮರಾನ್ಯೋನ್ ನದಿಗಳ ಆಸುಪಾಸು. ಅಲ್ಲಿನ ಜನಕ್ಕೆ ಇದು ಮೊದಲಿಂದ ಗೊತ್ತು. ಹೊರಗಿನ ವಿಜ್ಞಾನಿಗಳ ಕಣ್ಣಿಗೆ ಸರಿಯಾಗಿ ಬಿದ್ದದ್ದು 1990ರ ದಶಕದಲ್ಲಿ. 1980ರ ದಶಕದಿಂದಲೂ ಈ ಕುಲದ ಬೆನ್ನುಹತ್ತಿದ್ದ ಡೆನ್ಮಾರ್ಕ್‌ನ ಸಸ್ಯವಿಜ್ಞಾನಿ ಮಾರ್ಟೆನ್ ಸೋರೆನ್ಸೆನ್ ಮತ್ತು ಜೊತೆಗಾರರು ಅದನ್ನು ಸಂಗ್ರಹಿಸಿ ಅಳೆದು ನೋಡಿದರು. ಮಾಮೂಲಿ ಹಿಕಾಮಾವನ್ನು ಪೂರ್ತಿ ಒಣಗಿಸಿದರೆ ಉಳಿಯುವುದು ನೂರಕ್ಕೆ ಹತ್ತರ ಹತ್ತಿರ. ಚುಯಿನ್‌ನಲ್ಲಿ ಶೇ. 26ರಿಂದ 36ರವರೆಗೆ ಉಳಿಯಿತು. ಅಂದರೆ ಹತ್ತು ಕಿಲೋ ಹಿಕಾಮಾದಿಂದ ಒಂದು ಕಿಲೋ ಒಣ ಸರಕು ಸಿಕ್ಕರೆ, ಹತ್ತು ಕಿಲೋ ಚುಯಿನ್‌ನಿಂದ ಮೂರು ಕಿಲೋ. ಇದು ಸಿಹಿಗೆಣಸಿನ ಸಾಲಿನಲ್ಲಿ ನಿಲ್ಲುವ ಲೆಕ್ಕ, ಮರಗೆಣಸಿಗೂ ತೀರಾ ದೂರವಲ್ಲ. ಅದಕ್ಕೇ ಅಲ್ಲಿ ಇದನ್ನು ಹಸಿ ತಿನ್ನುವುದಿಲ್ಲ, ಮರಗೆಣಸಿನ ಹಾಗೆ ಬೇಯಿಸುತ್ತಾರೆ. ತಿರುಳಿನ ಬಣ್ಣದ ಮೇಲೆ ಬಿಳಿ, ಹಳದಿ, ನೇರಳೆ ಅಂತ ಒಳಬಗೆಗಳನ್ನೂ ಊರವರು ಬೇರೆ ಮಾಡುತ್ತಾರೆ.

ಮಾಮೂಲಿ ಹಿಕಾಮಾವನ್ನು ಬೇಯಿಸಿ ನೋಡಿ, ಆಗ ಈ ವ್ಯತ್ಯಾಸ ಬಾಯಿಗೇ ಗೊತ್ತಾಗುತ್ತದೆ. ಅದು ಎಷ್ಟು ಬೇಯಿಸಿದರೂ ಗರಿಗರಿ ಬಿಡುವುದಿಲ್ಲ. ಸಿಂಗಾಪುರ, ಮಲೇಷ್ಯಾದ ಪೋಪಿಯಾ ಸುರುಳಿಗಳಿಗೆ ಅದನ್ನು ಹಾಕುವುದೇ ಈ ಗುಣಕ್ಕೆ. ಚುಯಿನ್ ಹಾಗಲ್ಲ, ಹಿಟ್ಟುಹಿಟ್ಟಾಗಿ ಬೇಯುತ್ತದೆ. ಅದರ ಮೇಲೆ ಇದು ಕಾಳಿನ ಕುಟುಂಬದ್ದು, ಪ್ರೋಟೀನಿನ ಲಾಭವೂ ಉಂಟು. ಅಹಿಪಾ ತಳಿಗಳಲ್ಲಿ ಒಣ ತೂಕದ ಶೇ. 8ರಿಂದ 18ರವರೆಗೆ ಪ್ರೋಟೀನ್ ಅಳೆದಿದ್ದಾರೆ. ಮರಗೆಣಸಿನಲ್ಲಿ ಅದು ಒಂದರಿಂದ ಮೂರು ಅಷ್ಟೆ. ಮರಗೆಣಸನ್ನೇ ನಂಬಿ ಬದುಕುವ ಆಫ್ರಿಕಾದ ಊರುಗಳಿಗೆ ಈ ಗೆಡ್ಡೆ ಹೊಂದುತ್ತದಾ ಅಂತ ಲಿಮಾದ ಅಂತಾರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಉಗಾಂಡಾ, ರುವಾಂಡಾ ಮುಂತಾದ ಕಡೆ ಪ್ರಯೋಗ ಮಾಡಿದ್ದು ಈ ಕಾರಣಕ್ಕೆ. ಬೆನಿನ್‌ನಲ್ಲಿ ಇದರಿಂದ ಗಾರಿ, ಅಂದರೆ ಹುದುಗಿಸಿ ಹುರಿದ ತರಿ, ಮಾಡಿ ನೋಡಿದ್ದಾರೆ.

ನನ್ನ ಅಭಿಪ್ರಾಯ ಕೇಳಿದರೆ, ಈ ಕುಲದ ಅತ್ಯಂತ ಬೆಲೆಬಾಳುವ ತಳಿಗಳು ಚುಯಿನ್ ಗುಂಪಿನವು. ಜಗತ್ತು ಬೆಳೆಯುತ್ತಿರುವುದು ಮಾತ್ರ ಬಹುಪಾಲು ಇರೋಸಸ್. ಗುಣ ನೋಡಿ ಆರಿಸಿದ್ದಲ್ಲ, ಹಡಗು ಯಾವ ಬಂದರಿನಿಂದ ಹೊರಟಿತು ಅನ್ನುವುದರ ಮೇಲೆ ಆದದ್ದು. 1565ರಿಂದ 1815ರವರೆಗೆ ಸ್ಪೇನಿನ ಹಡಗುಗಳು ಮೆಕ್ಸಿಕೊದ ಅಕಾಪುಲ್ಕೊದಿಂದ ಫಿಲಿಪ್ಪೀನ್ಸಿನ ಮನಿಲಾಕ್ಕೆ ಓಡಾಡುತ್ತಿದ್ದವು. ಹಿಕಾಮಾ ಆ ದಾರಿಯಲ್ಲಿ ಹೋಗಿ ಅಲ್ಲಿ ಸಿಂಕಮಾಸ್ ಆಯಿತು, ಇಂಡೋನೇಷ್ಯಾದಲ್ಲಿ ಬೆಂಗ್‌ಕುವಾಂಗ್ ಆಯಿತು. ಚೀನಾಕ್ಕೂ ಹೋಯಿತು. ನಮ್ಮ ದೇಶದಲ್ಲಿ ಬಂಗಾಳ, ಬಿಹಾರ, ಒಡಿಶಾ, ಅಸ್ಸಾಂ ಕಡೆ ನೆಲೆ ಕಂಡಿತು. ಬಂಗಾಳದಲ್ಲಿ ಶಂಖ ಆಲೂ, ಹಿಂದಿ ನಾಡಿನಲ್ಲಿ ಮಿಶ್ರಿಕಂದ್, ಬಿಹಾರದ ಊರುಗಳಲ್ಲಿ ಕೇಸೌರ್. ಹಡಗಿನಲ್ಲಿ ಬಂದದ್ದು ಒಂದಿಷ್ಟು ಬೀಜ. ಮೆಕ್ಸಿಕೊದ ಎಲ್ಲ ಬಗೆಯೂ ಅದರಲ್ಲಿ ಇರಲು ಸಾಧ್ಯವಿಲ್ಲ, ಅಮೆಜಾನ್‌ನದು ಇರುವ ಮಾತೇ ಇಲ್ಲ. ಹಾಗಾಗಿ ಭಾರತದ ತಳಿಗಳಲ್ಲಿ ಗಾತ್ರ, ಆಕಾರ, ಎಲೆಯ ಅಂಚು, ಬೆಳೆ ಬರುವ ಅವಧಿಯಲ್ಲಿ ವ್ಯತ್ಯಾಸ ಇದ್ದರೂ, ಮೂಲ ಸ್ವಭಾವ ಒಂದೇ: ನೀರು, ಸಿಹಿ, ಗರಿಗರಿ. ಬಿಹಾರದ ಢೋಲಿಯಲ್ಲಿರುವ ಕೃಷಿ ಕಾಲೇಜಿನ ಗೆಡ್ಡೆ ಬೆಳೆ ಕೇಂದ್ರದಿಂದ ಬಂದ ರಾಜೇಂದ್ರ ಮಿಶ್ರಿಕಂದ್-1 ಕೂಡ ಇದೇ ಸ್ವಭಾವದ್ದು. ಬೇಯಿಸಿ ತಿನ್ನುವ ಬಗೆಗೆ ನೀವು ಬಂಗಾಳದ ಸಂತೆ ಹುಡುಕಿ ಪ್ರಯೋಜನವಿಲ್ಲ.

ಒಂದೇ ಗಿಡವನ್ನು ಜನ ಬೇರೆ ಬೇರೆ ಕಡೆ ಎಳೆಯುವುದು ಈ ಕುಲಕ್ಕೆ ಮಾತ್ರ ಸೀಮಿತವಲ್ಲ. ಆಫ್ರಿಕಾದಲ್ಲಿ ಸ್ಫೀನೋಸ್ಟೈಲಿಸ್ ಅನ್ನುವ ಇಂಥದ್ದೇ ಕಾಳಿನ ಬಳ್ಳಿ ಇದೆ. ಪಶ್ಚಿಮ ಆಫ್ರಿಕಾದವರು ಮುಖ್ಯವಾಗಿ ಕಾಳು ತಿನ್ನುತ್ತಾರೆ, ಮಧ್ಯ ಆಫ್ರಿಕಾದವರು ಗೆಡ್ಡೆಯನ್ನೇ ಹೆಚ್ಚು ಬಳಸುತ್ತಾರೆ. ರೆಕ್ಕೆ ಅವರೆಯನ್ನು ನಾವು ಕಾಯಿಗೆ ಬೆಳೆದರೆ ಪಪುವಾ ನ್ಯೂಗಿನಿಯ ಬೆಟ್ಟದವರು ಗೆಡ್ಡೆಗೂ ಬೆಳೆಯುತ್ತಾರೆ. ಇರಲಿ, ಇದು ಬೇರೆ ಕಥೆ.

ನಿಮ್ಮ ಎರಡು ಗೆಡ್ಡೆಗಳ ವಿಷಯಕ್ಕೆ ವಾಪಸ್ ಬರೋಣ. ತಳಿಯದ್ದಾ, ಮಣ್ಣಿನದ್ದಾ ಅಂತ ಬೇರೆ ಮಾಡುವಾಗ ಜನ ಎಡವುವುದು ಆಕಾರವನ್ನು ನಂಬಿ. ಕಲ್ಲು, ಗಟ್ಟಿ ಜೇಡಿ ಸಿಕ್ಕರೆ ಚಪ್ಪಟೆ ಗೆಡ್ಡೆಯ ತಳಿಯೂ ವಕ್ರವಾಗುತ್ತದೆ, ಕವಲೊಡೆಯುತ್ತದೆ. ಹತ್ತಿರ ಹತ್ತಿರ ನೆಟ್ಟರೆ ಸಣ್ಣ ಗೆಡ್ಡೆ, ದೂರ ನೆಟ್ಟರೆ ದೊಡ್ಡದು. ಮನೆಯವರು ಒಂದು ಹೊತ್ತಿಗೆ ತಿಂದು ಮುಗಿಸುವ ಗಾತ್ರ ಬೇಕು ಅಂತ ಬೇಕೆಂದೇ ಒತ್ತಾಗಿ, ತಡವಾಗಿ ಬಿತ್ತುವ ರೈತರಿದ್ದಾರೆ. ನಾರು ಬರುವುದು ಬಹುತೇಕ ತಡವಾಗಿ ಕಿತ್ತದ್ದಕ್ಕೆ. ನೆಲ ಒಣಗಿಸಿ ಆಮೇಲೆ ಒಮ್ಮೆಲೇ ನೀರು ಕೊಟ್ಟರೆ ಮೈ ಸೀಳುತ್ತದೆ. ನೀವು ಬೆಂಗಳೂರಿನಲ್ಲಿ ನೋಡಿದ ದೊಡ್ಡ, ನಾರಿನ ಗೆಡ್ಡೆ ಬಲಿತು ಹೋದದ್ದು ಅಂತಲೇ ನನ್ನ ಅನುಮಾನ.

ತಳಿ ಅಂತ ಹೇಳಲು ನಾನು ನೋಡುವುದು ಬೇರೆಯವನ್ನು. ಗಿಡಕ್ಕೆ ಗೆಡ್ಡೆ ಒಂದೋ ಹಲವೋ, ರಸ ತಿಳಿಯೋ ಬಿಳಿಯೋ, ಬಳ್ಳಿಯೋ ಪೊದೆಯೋ, ಹೂ ಯಾವಾಗ. ಎಲ್ಲಕ್ಕಿಂತ ಮೊದಲು ಒಣ ತೂಕ. ಇದನ್ನು ಅಳೆಯಲು ಪ್ರಯೋಗಾಲಯ ಬೇಡ. ಸಿಪ್ಪೆ ತೆಗೆದ ತಿರುಳು 100 ಗ್ರಾಂ ತೂಗಿ, ತೆಳ್ಳಗೆ ಹೆಚ್ಚಿ, ಸಣ್ಣ ಉರಿಯ ಓವನ್‌ನಲ್ಲೋ ಒಳ್ಳೆ ಬಿಸಿಲಲ್ಲೋ ಇಡಿ. ತೂಕ ಇನ್ನು ಇಳಿಯುವುದಿಲ್ಲ ಅನ್ನುವವರೆಗೆ ಒಣಗಿಸಿ ಮತ್ತೆ ತೂಗಿ. ಎರಡು ತಳಿಗಳನ್ನು ಹೋಲಿಸಬೇಕಾದರೆ ಒಂದೇ ಹೊಲದಲ್ಲಿ, ಒಂದೇ ದಿನ ಬಿತ್ತಿ, ಒಂದೇ ದಿನ ಕಿತ್ತು ನೋಡಬೇಕು. ಎರಡು ಊರಿನ ಅಂಗಡಿಯ ಗೆಡ್ಡೆಗಳನ್ನು ಪಕ್ಕದಲ್ಲಿಟ್ಟು ತೀರ್ಮಾನಿಸುವುದು ಸುಮ್ನೆ.

ಧಾರವಾಡದಲ್ಲಿ ಬೆಳೆಯಬಹುದಾ? ಬೆಳೆಯಬಹುದು. ಕರ್ನಾಟಕ ಇರುವ ಅಕ್ಷಾಂಶದಲ್ಲೇ ಗ್ವಾಟೆಮಾಲಾ, ಎಲ್ ಸಾಲ್ವಡಾರ್ ಇವೆ, ಅದು ಇರೋಸಸ್‌ನ ತವರು. ಆದರೆ ನಿಮ್ಮ ಹೊಲ ಕಪ್ಪು ಎರೆಯೋ ಕೆಂಪು ಮಣ್ಣೋ ನೀವು ಬರೆದಿಲ್ಲ. ಎರೆಯಲ್ಲಿ ನೀರು ನಿಂತು ಗೆಡ್ಡೆ ಕೊಳೆಯುತ್ತದೆ, ಕೀಳುವುದೂ ಕಷ್ಟ. ಮರಳು ಬೆರೆತ ಕೆಂಪು ಮಣ್ಣು, ಏರು ಮಡಿ ಇದ್ದರೆ ಒಳ್ಳೆಯದು. ಜೂನ್-ಜುಲೈನಲ್ಲಿ ಬಿತ್ತಿದರೆ ಬಳ್ಳಿ ಹಬ್ಬಲು ಸಮಯ ಸಿಗುತ್ತದೆ, ಗೆಡ್ಡೆ ದೊಡ್ಡದಾಗುತ್ತದೆ. ಸೆಪ್ಟೆಂಬರಿನಲ್ಲಿ ಬಿತ್ತಿದರೆ ಹಗಲು ಆಗಲೇ ಗಿಡ್ಡವಾಗಿರುವುದರಿಂದ ಬಳ್ಳಿ ಚಿಕ್ಕದು, ಗೆಡ್ಡೆಯೂ ಚಿಕ್ಕದು. ಮನೆ ಮಟ್ಟಕ್ಕೆ ನನಗೆ ಎರಡನೆಯದೇ ಇಷ್ಟ. ಮೊಗ್ಗು ಬಂದ ಹಾಗೆ ಚಿವುಟುತ್ತಾ ಹೋಗಿ. ಕಾಯಿಗೆ ಹೋಗುವ ಸತ್ವ ಗೆಡ್ಡೆಗೆ ಇಳಿಯುತ್ತದೆ. ಮೆಕ್ಸಿಕೊದಲ್ಲೂ ಬಿಹಾರದಲ್ಲೂ ಇದನ್ನು ಮಾಡುತ್ತಾರೆ.

ತಳಿ ಆಯ್ಕೆಯ ತೊಡಕು ಬರುವುದು ಇಲ್ಲಿ. ಮೊಗ್ಗು ಚಿವುಟಿದ ಗಿಡದಲ್ಲಿ ಗೆಡ್ಡೆ ಚೆನ್ನ, ಬೀಜ ಇಲ್ಲ. ಬೀಜಕ್ಕೆ ಬಿಟ್ಟ ಗಿಡದಲ್ಲಿ ಬೀಜ ಇದೆ, ಗೆಡ್ಡೆ ಸೊರಗಿರುತ್ತದೆ. ಹಾಗಾದರೆ ಒಳ್ಳೆಯ ಗೆಡ್ಡೆಯ ಬೀಜ ಹಿಡಿಯುವುದು ಹೇಗೆ? ಗಿಡಕ್ಕೆ ಗುರುತು ಕಟ್ಟಿ, ಎಲ್ಲ ಕಿತ್ತ ಮೇಲೆ ಮನಸ್ಸಿಗೆ ಬಂದ ಒಂದಷ್ಟು ಗೆಡ್ಡೆಗಳನ್ನು ತಿನ್ನದೆ ಎತ್ತಿಡಿ. ಮೇಲಿನ ಕಾಂಡದ ಬುಡ ಸ್ವಲ್ಪ ಇರಲಿ. ಇಡೀ ಗೆಡ್ಡೆಯನ್ನೇ ಮತ್ತೆ ನೆಡಿ. ಇದು ಮೂಲತಃ ಬಹುವಾರ್ಷಿಕ, ಬುಡದಿಂದ ಚಿಗುರಿ ಬಳ್ಳಿಯಾಗಿ ಹೂ ಬಿಡುತ್ತದೆ. ಆ ಬಳ್ಳಿಯ ಬೀಜವೇ ನಿಮ್ಮ ತಳಿ. ಹೆಚ್ಚಾಗಿ ತನ್ನ ಹೂವಿಗೆ ತಾನೇ ಪರಾಗ ಕೊಟ್ಟುಕೊಳ್ಳುವ ಗಿಡವಾದ್ದರಿಂದ ಗುಣ ತಕ್ಕಮಟ್ಟಿಗೆ ನಿಲ್ಲುತ್ತದೆ. ಆದರೂ ದುಂಬಿಗಳು ಸ್ವಲ್ಪ ಬೆರಕೆ ಮಾಡುತ್ತವೆ. ಎರಡು ತಳಿ ಇಟ್ಟುಕೊಂಡರೆ ದೂರ ದೂರ ಇಡಿ.

ಬೀಜ ಹಿಡಿಯುತ್ತೇನೆ ಅಂದಿದ್ದೀರಿ, ಹಾಗಾಗಿ ಇದನ್ನು ಸರಿಯಾಗಿ ಓದಿಕೊಳ್ಳಿ. ಬಲಿತ ಬೀಜ ವಿಷ. ಅದರಲ್ಲಿ ರೋಟೆನೋನ್ ಇದೆ, ಮೀನು ಕೊಲ್ಲಲು, ಕೀಟ ಕೊಲ್ಲಲು ಬಳಸುತ್ತಿದ್ದ ವಸ್ತು. ಜೀವಕೋಶ ಉಸಿರಾಡಿ ಶಕ್ತಿ ಮಾಡಿಕೊಳ್ಳುವ ಕೆಲಸವನ್ನೇ ಅದು ನಿಲ್ಲಿಸುತ್ತದೆ. ಥಾಯ್ಲೆಂಡ್, ತೈವಾನ್‌ಗಳಲ್ಲಿ ಈ ಬೀಜವನ್ನು ತಿನ್ನುವ ಕಾಳು ಅಂದುಕೊಂಡು ಬೇಯಿಸಿ ತಿಂದವರು ಆಸ್ಪತ್ರೆ ಸೇರಿದ್ದಾರೆ, ಸಾವೂ ಆಗಿದೆ. ಬೇಯಿಸಿದರೆ ವಿಷ ಹೋಗುತ್ತದೆ ಅಂದುಕೊಳ್ಳಬೇಡಿ. ನೋಡಲು ಸಣ್ಣ ಅವರೆಕಾಳಿನ ಹಾಗೆ ಇರುವುದರಿಂದ ಅಡುಗೆಮನೆಯ ಡಬ್ಬಗಳ ಪಕ್ಕ ಇಡಲೇಬೇಡಿ. ಬೀಜದ ಡಬ್ಬಕ್ಕೆ ‘ವಿಷ, ಬಿತ್ತಲು ಮಾತ್ರ’ ಅಂತ ಬರೆದು ಹೊಲದ ಸಾಮಾನಿನ ಜೊತೆ ಇಡಿ. ಎಲೆ, ಕಾಂಡವನ್ನು ದನಕ್ಕೆ ಹಾಕುವ ಮೊದಲೂ ಪಶುವೈದ್ಯರನ್ನು ಕೇಳಿ. ಎಳೆ ಕಾಯಿ ತಿನ್ನುವ ಊರುಗಳಿವೆ, ಆದರೆ ಎಳೆಯದು ಯಾವಾಗ ಬಲಿತದ್ದಾಗುತ್ತದೆ ಅಂತ ಹೊಸಬರಿಗೆ ಗೊತ್ತಾಗುವುದಿಲ್ಲ. ನಾನಂತೂ ತಿನ್ನಿ ಅನ್ನುವುದಿಲ್ಲ. ಗೆಡ್ಡೆಯ ವಿಷಯದಲ್ಲಿ ಈ ಹೆದರಿಕೆ ಬೇಡ, ಸಿಪ್ಪೆ ದಪ್ಪಗೆ ತೆಗೆದರೆ ಸಾಕು.

ಕೊನೆಗೆ, ಕಿತ್ತ ಗೆಡ್ಡೆಯನ್ನು ಫ್ರಿಜ್‌ನಲ್ಲಿ ಇಡಬೇಡಿ. ಇದು ಬಿಸಿ ನಾಡಿನದು. 10 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಕೆಲವೇ ದಿನಕ್ಕೆ ಒಳಗೆ ಕಂದು ತಿರುಗಿ, ಮೆತ್ತಗಾಗುತ್ತದೆ. ಒಣಗಿದ, ಗಾಳಿಯಾಡುವ, ನೆರಳಿನ ಮೂಲೆ ಸಾಕು. ಹಾಗೆ ಇಟ್ಟರೆ ಒಳಗಿನ ಪಿಷ್ಟ ಸ್ವಲ್ಪ ಸ್ವಲ್ಪವೇ ಸಕ್ಕರೆಯಾಗಿ ಸಿಹಿಯೂ ಏರುತ್ತದೆ. ಹೆಚ್ಚಿದ ಮೇಲೆ ಉಳಿದದ್ದನ್ನು ಮಾತ್ರ ಡಬ್ಬದಲ್ಲಿ ಮುಚ್ಚಿ ಫ್ರಿಜ್‌ಗೆ ಹಾಕಿ, ಎರಡು ಮೂರು ದಿನದಲ್ಲಿ ಮುಗಿಸಿ.